ಪತ್ರಾದ ಹಿಂದಿನ ಖಾಲಿ ಜಾಗ: ಪರೇಲ್‌ನವರಿಗೆ ಹನ್ನೆರಡು ಸೂತ್ರ

ಮುಂಬಯಿಯ ಪರೇಲ್‌ನಲ್ಲಿ ಒಂದು ಚದರಡಿಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅದೇ ಪರೇಲ್‌ನಲ್ಲಿ ತಗಡಿನ ಪತ್ರಾ ಹೊಡೆದು ಮರೆಮಾಡಿದ ಖಾಲಿ ಜಾಗಗಳಿಗೂ ಬರವಿಲ್ಲ. 1982ರ ಜನವರಿ 18ರಂದು ಶುರುವಾದ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಗಿರಣಿಗಳ ಚಿಮಣಿಗಳು ಒಂದೊಂದಾಗಿ ತಣ್ಣಗಾದವು. ಆ ಜಮೀನನ್ನು ಅಭಿವೃದ್ಧಿಪಡಿಸುವಾಗ ಪಾಲಿಕೆಗೊಂದು, ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾಕ್ಕೊಂದು, ಮಾಲೀಕನಿಗೊಂದು ಎಂದು ಸುಮಾರು ಮೂರು ಪಾಲು ಮಾಡಬೇಕೆಂಬುದು 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯ 58ನೇ ನಿಯಮದ ಆಶಯ. 2001ರ ತಿದ್ದುಪಡಿ ಬಂದು, ಹಂಚಬೇಕಾದದ್ದು ಕಟ್ಟಡವಿಲ್ಲದ ಜಾಗವನ್ನು ಮಾತ್ರ ಎಂದಿತು. 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಖಾಲಿ ಜಾಗದ ಲೆಕ್ಕ ಹೀಗೆ ದೊಡ್ಡವರ ನಡುವೆ ನಡೆಯುತ್ತಿದ್ದಾಗ, ಅದರ ಸೊಳ್ಳೆ ಮಾತ್ರ ಪಕ್ಕದ ಚಾಳಿಗೆ ಬಂತು.

ಈಗ ಗಿರಣಿಗಿಂತ ಹೆಚ್ಚಾಗಿ ಕಾಡುವುದು ಕೆಡವಿದ ಚಾಳುಗಳ ಜಾಗ. ಬಿಲ್ಡರ್ ಬಂದ, ಬಾಡಿಗೆದಾರರನ್ನು ಬೇರೆಡೆಗೆ ಕಳಿಸಿದ, ಕೆಡವಿದ, ಅಡಿಪಾಯಕ್ಕೆ ಗುಂಡಿ ತೋಡಿದ, ಆಮೇಲೆ ಹಣ ಮುಗಿಯಿತು ಅಥವಾ ಕೇಸು ಬಿತ್ತು. ಗುಂಡಿ ಉಳಿಯಿತು. ಅದರ ಪಕ್ಕದಲ್ಲಿ ಬದುಕುತ್ತಿರುವ ಪರೇಲ್, ಲಾಲ್‌ಬಾಗ್, ಶಿವಡಿಯ ನಮ್ಮವರಿಗಾಗಿ ಈ ಸೂತ್ರಗಳು. ಜಾಗ ಹೂದೋಟವಾಗುತ್ತದೆಂಬ ಆಸೆ ಬೇಡ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ, ಜಾಗದ ಒಡೆಯನೇ ತನ್ನ ಖರ್ಚಿನಲ್ಲಿ ಅದನ್ನು ಚೊಕ್ಕಟ ಮಾಡಿಸುವ ಹಾಗಾದರೆ ನೀವು ಗೆದ್ದಿರಿ.

1. ಮೊದಲು ಒಡೆಯನನ್ನು ಹುಡುಕಿ

ಮುಂಬಯಿಯಲ್ಲಿ ಖಾಲಿ ಜಾಗ ಉಂಟು, ಅನಾಥ ಜಾಗ ಇಲ್ಲ. "ಅದು ಯಾರದ್ದೋ ಏನೋ" ಎಂದು ಸೊಸೈಟಿಯ ಮೀಟಿಂಗಿನಲ್ಲಿ ವರ್ಷಗಟ್ಟಲೆ ಹೇಳಿಕೊಂಡು ಬಂದವರಿಗೆ ಒಂದು ಮಧ್ಯಾಹ್ನದ ಓಡಾಟದಲ್ಲಿ ಉತ್ತರ ಸಿಗುತ್ತದೆ.

ನಮ್ಮ ಊರಿನ ಪಹಣಿ ಇಲ್ಲಿ ನಡೆಯುವುದಿಲ್ಲ. ದ್ವೀಪನಗರದ ಪ್ರತಿ ತುಂಡಿಗೂ ಸಿ.ಎಸ್. ನಂಬರ್ ಇದೆ. ಪರೇಲ್‌ನ ಜಾಗಗಳು "ಪರೇಲ್-ಶಿವಡಿ ವಿಭಾಗ"ದ ಲೆಕ್ಕದಲ್ಲಿ ಬರುತ್ತವೆ. (ಉಪನಗರಕ್ಕೆ ಹೋದರೆ ಅದೇ ಸಿ.ಟಿ.ಎಸ್. ನಂಬರ್ ಆಗುತ್ತದೆ, ಮುಲುಂಡಿನ ಬಾವ ಹೇಳಿದ ದಾರಿಯಲ್ಲಿ ಇಲ್ಲಿ ಹೋದರೆ ಸುತ್ತುತ್ತೀರಿ.) ಆ ನಂಬರ್ ಹಿಡಿದು ಪ್ರಾಪರ್ಟಿ ಕಾರ್ಡ್ ತೆಗೆಸಿದರೆ ಒಡೆಯನ ಹೆಸರು ಬರುತ್ತದೆ. ಪಾಲಿಕೆಯ 2034ರ ಅಭಿವೃದ್ಧಿ ಯೋಜನೆಯಲ್ಲಿ ಅದೇ ನಂಬರಿಗೆ ಡಿ.ಪಿ. ರಿಮಾರ್ಕ್ ಪಡೆದರೆ ಆ ಜಾಗ ಆಟದ ಮೈದಾನಕ್ಕೋ ರಸ್ತೆಗೋ ಮೀಸಲಾಗಿದೆಯೇ ಎಂಬುದು ತಿಳಿಯುತ್ತದೆ. ಮೂರನೆಯ ದಾರಿ ಆಸ್ತಿ ತೆರಿಗೆಯ ವಿಭಾಗ. ಖಾಲಿ ಜಾಗಕ್ಕೂ ತೆರಿಗೆ ಇದೆ. ತೆರಿಗೆಯ ಬಿಲ್ಲು ಯಾರ ಹೆಸರಿಗೆ ಹೋಗುತ್ತದೋ ನೋಟೀಸೂ ಅವರಿಗೇ ಹೋಗಬೇಕು.

ಪರೇಲ್‌ನಲ್ಲಿ ಒಡೆಯರ ಜಾತಿ ಹಲವು. ಖಾಸಗಿ ಬಿಲ್ಡರ್ ಆದರೆ ಪಾಲಿಕೆಯ ನೋಟೀಸಿಗೆ ಬೇಗ ಬಗ್ಗುತ್ತಾನೆ, ಏಕೆಂದರೆ ನಾಳೆ ಅವನಿಗೆ ಅದೇ ಪಾಲಿಕೆಯಿಂದ ಪರವಾನಗಿ ಬೇಕು. ದುರಸ್ತಿಗೆಂದು ಸೆಸ್ ಕಟ್ಟುತ್ತಿದ್ದ ಹಳೆಯ ಕಟ್ಟಡ ಇದ್ದ ಜಾಗವಾದರೆ ಮ್ಹಾಡಾದ ಕಟ್ಟಡ ದುರಸ್ತಿ ಮಂಡಳಿಗೂ ಪ್ರತಿ ಕಳಿಸಿ. ಕೇಂದ್ರದ ರಾಷ್ಟ್ರೀಯ ಜವಳಿ ನಿಗಮದ ಗಿರಣಿ ಜಾಗವಾದರೆ, ರೈಲ್ವೆಯದಾದರೆ, ಶಿವಡಿ ಕಡೆಯ ಬಂದರು ಪ್ರಾಧಿಕಾರದ್ದಾದರೆ (ಹಳಬರ ಬಾಯಲ್ಲಿ ಈಗಲೂ ಬಿಪಿಟಿ) ವಾರ್ಡ್ ಆಫೀಸಿನವರು "ಅದು ನಮ್ಮದಲ್ಲ" ಎಂದು ಕೈ ತೊಳೆದುಕೊಳ್ಳಲು ನೋಡುತ್ತಾರೆ. ಆಗ ಎರಡೂ ಕಡೆಗೆ ಒಂದೇ ದಿನ ಒಂದೇ ಪತ್ರ ಕೊಡಿ. ಒಂದರ ತಲೆಯಲ್ಲಿ ಇನ್ನೊಂದರ ಹೆಸರಿರಲಿ. ಮೀಸಲು ಜಾಗವನ್ನು ಪಾಲಿಕೆಯೇ ವಶಕ್ಕೆ ತೆಗೆದುಕೊಂಡು ಬಿಟ್ಟಿದ್ದರೆ? ಅದಕ್ಕೆ ಉತ್ತರ ಹತ್ತನೇ ಸೂತ್ರದಲ್ಲಿದೆ.

2. ಸರಿಯಾದ ವಾರ್ಡಿಗೆ ಹೋಗಿ

ಪರೇಲ್, ಲಾಲ್‌ಬಾಗ್, ಶಿವಡಿ ಎಫ್ ದಕ್ಷಿಣ ವಾರ್ಡ್. ಲೋವರ್ ಪರೇಲ್, ವರಳಿ, ಪ್ರಭಾದೇವಿ ಜಿ ದಕ್ಷಿಣ. ಹೆಸರಿನಲ್ಲಿ "ಪರೇಲ್" ಇದೆ ಎಂದು ತಪ್ಪು ಕಿಟಕಿಯಲ್ಲಿ ನಿಂತರೆ ಅರ್ಧ ದಿನ ಹೋಯಿತು.

3. ದೂರು ಬರೆಯಿರಿ, ಗೋಳು ಬೇಡ

"ಮಾನ್ಯರೇ, ಕಳೆದ ಹಲವಾರು ವರ್ಷಗಳಿಂದ ನಾವು ಅನುಭವಿಸುತ್ತಿರುವ ನರಕಯಾತನೆ…" ಎಂದು ಶುರುವಾಗುವ ಪತ್ರವನ್ನು ಯಾವ ಗುಮಾಸ್ತನೂ ಎರಡನೇ ಸಾಲಿಗೆ ಓದುವುದಿಲ್ಲ. ಅವನಿಗೆ ಬೇಕಾದದ್ದು ಜಾಗ, ದೋಷ, ದಿನಾಂಕ, ಬೇಡಿಕೆ. ಹೀಗೆ ಬರೆಯಬಹುದು:

"ವಿಷಯ: ಸಿ.ಎಸ್. ನಂಬರ್ ಇಷ್ಟು, ಪರೇಲ್-ಶಿವಡಿ ವಿಭಾಗ, ಇಂಥ ಕಟ್ಟಡದ ಪಕ್ಕದ ಖಾಲಿ ಜಾಗದಲ್ಲಿ ನಿಂತ ನೀರು. ಅಡಿಪಾಯದ ಗುಂಡಿಯಲ್ಲಿ ನೀರು ನಿಂತು ಸೊಳ್ಳೆ ಮರಿ ಕಾಣುತ್ತಿದೆ. ದಿನಾಂಕ ಇರುವ ಫೋಟೋ ಲಗತ್ತಿಸಿದೆ. ಜಾಗದ ಮಾಲೀಕರು ಇಂಥವರು. ಮುಂಬಯಿ ಮಹಾನಗರಪಾಲಿಕೆ ಕಾಯ್ದೆ 1888ರ 381ನೇ ಕಲಮಿನಡಿ ಅವರಿಗೆ ನೋಟೀಸು ಕೊಟ್ಟು, ನೀರು ತೆಗೆಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕು."

ಇಷ್ಟೇ. ಒಂದು ಪತ್ರಕ್ಕೆ ಒಂದೇ ವಿಷಯ. ನೀರು, ಹೆಗ್ಗಣ, ಮರ, ಡೆಬ್ರಿಸ್ (ಒಡೆದ ಕಟ್ಟಡದ ಕಸ) ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಅದು ಮೇಜಿನಿಂದ ಮೇಜಿಗೆ ತಿರುಗಿ ಕೊನೆಗೆ ಯಾರದ್ದೂ ಅಲ್ಲದ ಕಡತವಾಗುತ್ತದೆ. ನೀರು ಮತ್ತು ಹೆಗ್ಗಣಕ್ಕೆ ವಾರ್ಡಿನ ಕೀಟ ನಿಯಂತ್ರಣ ಅಧಿಕಾರಿ, ಕಸ-ಡೆಬ್ರಿಸ್‌ಗೆ ಘನತ್ಯಾಜ್ಯ ವಿಭಾಗ, ಮರಕ್ಕೆ ಉದ್ಯಾನ ವಿಭಾಗ, ಬೀಳುವ ಗೋಡೆಗೆ ಕಟ್ಟಡ ಮತ್ತು ಕಾರ್ಖಾನೆ ವಿಭಾಗ. 1916ಕ್ಕೆ ಫೋನ್ ಮಾಡಿದರೂ, ಪಾಲಿಕೆಯ ಆ್ಯಪ್‌ನಲ್ಲಿ ಹಾಕಿದರೂ, ದೂರಿನ ನಂಬರ್ ಬರೆದಿಟ್ಟುಕೊಳ್ಳದೆ ಫೋನ್ ಇಡಬೇಡಿ. ಕೈಯಲ್ಲಿ ಕೊಟ್ಟ ಪತ್ರಕ್ಕೆ ಸಿಕ್ಕಾ ಹಾಕಿದ ಪ್ರತಿ ವಾಪಸು ತನ್ನಿ. ಸಿಕ್ಕಾ ಇಲ್ಲದ ಪತ್ರ ಆ ಕಚೇರಿಯ ಮಟ್ಟಿಗೆ ಹುಟ್ಟಲೇ ಇಲ್ಲ.

4. ಅರ್ಜಿ ಮರಾಠಿಯಲ್ಲಿರಲಿ

ಪಾಲಿಕೆಯ ಕಡತ ನಡೆಯುವುದು ಮರಾಠಿಯಲ್ಲಿ. ಇಂಗ್ಲಿಷಿನಲ್ಲಿ ಕೊಟ್ಟರೂ ತೆಗೆದುಕೊಳ್ಳುತ್ತಾರೆ, ಆದರೆ ಟಿಪ್ಪಣಿ ಬರೆಯುವವನಿಗೆ ಕೆಲಸ ಹೆಚ್ಚು, ಹೆಚ್ಚಾದ ಕೆಲಸ ನಾಳೆಗೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮರಾಠಿ ಸಲೀಸು. ಕನ್ನಡದಲ್ಲಿ ಹೇಳಿ ಅವರ ಕೈಯಲ್ಲಿ ಬರೆಸಿ. ಸಹಿಯ ಪಟ್ಟಿಯಲ್ಲಿ ಎದುರು ಚಾಳಿನ ಮಾವಶಿಯ ಹೆಸರೂ ಇರಲಿ. ಒಂದೇ ಸಮುದಾಯದ ಹತ್ತು ಸಹಿಗಿಂತ ಗಲ್ಲಿಯ ಎಲ್ಲರ ಹತ್ತು ಸಹಿಗೆ ತೂಕ ಹೆಚ್ಚು.

5. ನಾಲ್ಕು ಕಲಮು ಬಾಯಿಪಾಠ ಮಾಡಿ

ಈ ಊರಿನ ಪಾಲಿಕೆ ಕಾಯ್ದೆ 1888ರದ್ದು. ಹಳೆಯದೆಂದು ಮೂಗು ಮುರಿಯಬೇಡಿ; ಖಾಲಿ ಜಾಗದ ವಿಷಯದಲ್ಲಿ ಅದು ನಮಗಿಂತ ಚೆನ್ನಾಗಿ ಯೋಚಿಸಿದೆ.

376ನೇ ಕಲಮು ಪಾಳು ಬಿದ್ದ ಅಥವಾ ಒಡೆತನದ ಜಗಳದಲ್ಲಿ ಸಿಕ್ಕಿ ಯಾರೂ ಇಲ್ಲದ ಜಾಗಕ್ಕೆ. "ಕೋರ್ಟಿನಲ್ಲಿ ಕೇಸಿದೆ, ನಾವೇನು ಮಾಡೋದು" ಎಂಬ ಮಾತಿಗೆ ಉತ್ತರ ಇದೇ. ಒಡೆಯ ಯಾರೆಂದು ತೀರ್ಮಾನವಾಗದಿದ್ದರೂ, ಹಕ್ಕು ಹೇಳುವವರಿಗೆ ನೋಟೀಸು ಕೊಟ್ಟು ಜಾಗದ ಮೇಲೆಯೇ ಅದರ ಪ್ರತಿ ಅಂಟಿಸಲು ಅವಕಾಶವಿದೆ. 377 ಗಿಡಗಂಟಿ ಬೆಳೆದು, ಹೊಲಸು ತುಂಬಿ, ಬೇಲಿಯಿಲ್ಲದೆ ಬಯಲು ಕಕ್ಕಸಾದ ಜಾಗಕ್ಕೆ. ಒಡೆಯನಿಗೆ ಚೊಕ್ಕಟ ಮಾಡು, ಬೇಲಿ ಹಾಕು ಎಂದು ಹೇಳಬಹುದು. 381 ನೀರು ನಿಲ್ಲುವ ಗುಂಡಿ, ಬಾವಿ, ಹೊಂಡಗಳಿಗೆ. 354 ಬೀಳುವ ಸ್ಥಿತಿಯ ಗೋಡೆ, ಕಟ್ಟಡಗಳಿಗೆ. ಇವುಗಳ ಬೆನ್ನಿಗೆ 489 ಇದೆ: ಒಡೆಯ ಮಾಡದಿದ್ದರೆ ಪಾಲಿಕೆಯೇ ಮಾಡಿಸಿ ಖರ್ಚನ್ನು ಅವನಿಂದ ವಸೂಲು ಮಾಡಬಹುದು. ಪತ್ರದ ಕೊನೆಯ ಸಾಲಿನಲ್ಲಿ ಈ ನಂಬರ್ ಇರಲೇಬೇಕು.

ಇಷ್ಟು ವಿವರವಾಗಿ ಕೊಳೆಯ ಬಗ್ಗೆ ಬರೆದ ಕಾಲದ ಪರೇಲ್ ಹೇಗಿತ್ತೆಂಬುದನ್ನು ನೆನೆದರೆ ಕಾಯ್ದೆಯ ಬಿಗಿ ಅರ್ಥವಾಗುತ್ತದೆ. ಕಾಯ್ದೆ ಬರುವುದಕ್ಕೆ ಕೆಲವು ವರ್ಷ ಮುಂಚಿನವರೆಗೂ ಗವರ್ನರನ ಬಂಗಲೆ ಪರೇಲ್‌ನಲ್ಲೇ ಇತ್ತು. 1882ರಲ್ಲಿ ಗವರ್ನರ್ ಫರ್ಗ್ಯುಸನ್‌ನ ಹೆಂಡತಿ ಆ ಬಂಗಲೆಯಲ್ಲಿ ಕಾಲರಾದಿಂದ ತೀರಿಕೊಂಡಳು; ಆಮೇಲೆ ಗವರ್ನರರ ವಾಸ ಮಲಬಾರ್ ಹಿಲ್‌ಗೆ ಹೋಯಿತು. ಸುತ್ತ ಗಿರಣಿ ಕೆಲಸಗಾರರ ವಾಸ ಇದ್ದಲ್ಲೇ ಉಳಿಯಿತು. 1896ರಲ್ಲಿ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಪ್ಲೇಗಿನ ಲಸಿಕೆ ಮಾಡಿದ ಹಾಫ್‌ಕಿನ್‌ನ ಪ್ರಯೋಗಾಲಯ 1899ರಲ್ಲಿ ಬಂದು ಸೇರಿದ್ದು ಗವರ್ನರ್ ಬಿಟ್ಟುಹೋದ ಅದೇ ಬಂಗಲೆಗೆ. 1925ರಿಂದ ಅದಕ್ಕೆ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರು. ಹೆಗ್ಗಣದ ವಿಷಯದಲ್ಲಿ ಪರೇಲ್‌ಗೆ ಯಾರೂ ಪಾಠ ಹೇಳಬೇಕಾಗಿಲ್ಲ.

6. ಮೊದಲು ನೀರು, ಆಮೇಲೆ ಉಳಿದದ್ದು

ಎಲ್ಲ ಉಪದ್ರವಗಳೂ ಒಂದೇ ತೂಕದವಲ್ಲ. ಗಿಡಗಂಟಿ ಕಣ್ಣಿಗೆ ಚುಚ್ಚುತ್ತದೆ, ನಿಂತ ನೀರು ಪ್ರಾಣ ತೆಗೆಯುತ್ತದೆ. ನಿಮ್ಮ ಶಕ್ತಿ ಒಂದೇ ದೂರಿಗೆ ಸಾಲುವುದಾದರೆ ಅದು ನೀರಿನ ಮೇಲೇ ಇರಲಿ.

ಡೆಂಗಿ ತರುವ ಈಡಿಸ್ ಸೊಳ್ಳೆಗೆ ಗಟಾರ ಬೇಕಿಲ್ಲ, ತಿಳಿನೀರು ಸಾಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಸೆಕೆಯಲ್ಲಿ ವಾರದಿಂದ ಹತ್ತು ದಿನ. ಆದ್ದರಿಂದ ವಾರಕ್ಕೊಮ್ಮೆ ನೋಡುವುದು ಶಾಸ್ತ್ರಕ್ಕಲ್ಲ, ಲೆಕ್ಕ ಅಷ್ಟೇ ಇದೆ. ಖಾಲಿ ಜಾಗದಲ್ಲಿ ಏನೇನು ನೋಡಬೇಕು? ಅಡಿಪಾಯದ ಗುಂಡಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಬೀಳದವು ಬೇರೆ: ಹಳೆಯ ಟಯರು, ಚಾಳಿನವರು ಬಿಟ್ಟುಹೋದ ಪ್ಲಾಸ್ಟಿಕ್ ಡ್ರಮ್ಮು, ಒಡೆದ ಕಮೋಡು, ಕೆಡವಿದ ಕಟ್ಟಡದ ನೆಲದ ಕೆಳಗಿನ ನೀರಿನ ಟಾಕಿ, ವಾಚ್‌ಮನ್ ಗುಡಿಸಲಿನ ಮೇಲೆ ಹೊದಿಸಿದ ನೀಲಿ ತಾಡಪತ್ರೆಯ ಮಡಿಕೆ. ಕೊನೆಯದರಲ್ಲಿ ಒಂದು ಲೋಟ ನೀರು ನಿಂತರೂ ಈಡಿಸ್‌ಗೆ ಧಾರಾಳ.

ಮಲೇರಿಯಾದ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿಗೆ ಈ ಊರಿನ ಬಾವಿ, ಟಾಕಿಗಳೆಂದರೆ ಪ್ರೀತಿ. ಇದು ಇವತ್ತು ಗೊತ್ತಾದದ್ದಲ್ಲ. 1911ರಲ್ಲೇ ಡಾಕ್ಟರ್ ಬೆಂಟ್ಲಿ ಮುಂಬಯಿಯ ಮಲೇರಿಯಾದ ಕಾರಣ ಹುಡುಕುತ್ತ ಮನೆಮನೆಯ ಬಾವಿಗಳತ್ತ ಬೆರಳು ತೋರಿಸಿ ವರದಿ ಕೊಟ್ಟಿದ್ದ. ಕೆಡವಿದ ಚಾಳಿನ ಅಂಗಳದಲ್ಲಿ ಹಳೆಯ ಬಾವಿ ಬಾಯಿ ತೆರೆದುಕೊಂಡಿದ್ದರೆ ಅದನ್ನು ದೂರಿನಲ್ಲಿ ಪ್ರತ್ಯೇಕವಾಗಿ ಹೇಳಿ: ಮುಚ್ಚಳ ಹಾಕಿಸಬೇಕು ಅಥವಾ ಸೊಳ್ಳೆ ಮರಿ ತಿನ್ನುವ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡಿಸಬೇಕು. ಪೂಜೆಯ ಬಾವಿಯೆಂದು ಮುಚ್ಚಲು ಹಿಂಜರಿಯುವವರಿಗೂ ಮೀನಿನ ದಾರಿ ಒಪ್ಪಿಗೆಯಾಗುತ್ತದೆ.

ಸೊಳ್ಳೆ ಮರಿ ಸಿಕ್ಕ ಜಾಗದ ಒಡೆಯನಿಗೆ ಪಾಲಿಕೆ 2,000ದಿಂದ 10,000 ರೂಪಾಯಿವರೆಗೆ ದಂಡ ಹಾಕಿಸುತ್ತದೆ. ಕೋಟಿಯ ಜಾಗದವನಿಗೆ ಇದು ಚಹಾದ ಖರ್ಚು ಎನ್ನುವಿರಿ. ನಿಜ. ಆದರೆ ಕಟ್ಟಡ ಕೆಲಸ ನಡೆಯುತ್ತಿರುವಲ್ಲಿ ದಂಡಕ್ಕಿಂತ ಕೆಲಸ ನಿಲ್ಲಿಸುವ ನೋಟೀಸಿಗೆ ಹೆದರಿಕೆ ಹೆಚ್ಚು. ಅದನ್ನೇ ಕೇಳಿ. ಇನ್ನೊಂದು ಮಾತು: ಹೊಗೆ ಹೊಡೆಸಿ ಎಂದು ಗಲಾಟೆ ಮಾಡಬೇಡಿ. ಹೊಗೆ ಹಾರುವ ಸೊಳ್ಳೆಗೆ, ಗುಂಡಿಯ ಮರಿಗೆ ಅಲ್ಲ. ಮೂರು ದಿನ ಬಿಟ್ಟು ಹೊಸ ಸೊಳ್ಳೆ ಎದ್ದು ಬರುತ್ತದೆ. ಫೋಟೋಗೆ ಮಾತ್ರ ಹೊಗೆ ಚೆನ್ನ.

7. ಹೆಗ್ಗಣಕ್ಕೆ ಅನ್ನ ಹಾಕುವವರು ಯಾರು?

ಇಲ್ಲಿ ಸ್ವಲ್ಪ ಕಹಿ ಮಾತು. ಖಾಲಿ ಜಾಗದಲ್ಲಿ ಹೆಗ್ಗಣ ಬಿಲ ತೋಡುತ್ತದೆ, ಊಟ ಮಾತ್ರ ನಮ್ಮ ಕಿಟಕಿಯಿಂದ ಹೋಗುತ್ತದೆ. ಅಡುಗೆಮನೆಯ ಕಿಟಕಿಯಿಂದ ಹೊರಬೀಳುವ ಅನ್ನದ ಮುದ್ದೆ, ಹಿಂದಿನ ಬಾಗಿಲಿನಿಂದ ಹೋಟೆಲಿನವರು ಚೆಲ್ಲುವ ಉಳಿಕೆ, ಪುಣ್ಯಕ್ಕೆಂದು ಪಾರಿವಾಳಕ್ಕೆ ಎರಚುವ ಕಾಳು. ಇವು ನಿಲ್ಲದೆ ಪಾಲಿಕೆಯ ರಾತ್ರಿಪಾಳಿಯ ಹೆಗ್ಗಣ ಹಿಡಿಯುವವರು ಎಷ್ಟು ಹೊಡೆದರೂ ಸಾಲದು. ದೂರು ಕೊಡುವ ಮುನ್ನ ನಿಮ್ಮ ಕಟ್ಟಡದ ಹಿಂಬದಿಯ ಫೋಟೋ ನೀವೇ ತೆಗೆದು ನೋಡಿ. ಅಧಿಕಾರಿ ಬಂದಾಗ ಅವನ ಕಣ್ಣು ಮೊದಲು ಬೀಳುವುದು ಅಲ್ಲಿಗೇ.

ಹೆಗ್ಗಣದ ಮೂತ್ರ ಮಳೆನೀರಿಗೆ ಸೇರಿದರೆ ಲೆಪ್ಟೊಸ್ಪೈರೋಸಿಸ್. ಪರೇಲ್ ತಗ್ಗಿನ ಊರು. ಹಿಂದ್‌ಮಾತಾದಲ್ಲಿ ನೀರು ನಿಲ್ಲುವುದು ಮುಂಬಯಿಗೆಲ್ಲ ಗೊತ್ತು. ಆ ನೀರನ್ನು ಹಿಡಿದಿಡಲು ಪಾಲಿಕೆ ಪರೇಲ್‌ನ ಸೇಂಟ್ ಝೇವಿಯರ್ ಮೈದಾನದ ಕೆಳಗೂ ಹತ್ತಿರದ ಪ್ರಮೋದ್ ಮಹಾಜನ್ ಉದ್ಯಾನದ ಕೆಳಗೂ ಟಾಕಿ ಕಟ್ಟಿಸಿದೆ. ಅಂಥ ನೀರಲ್ಲಿ ನಡೆದವರು, ಕಾಲಿಗೆ ಗಾಯವಿದ್ದರಂತೂ, 24ರಿಂದ 72 ಗಂಟೆಯೊಳಗೆ ಡಾಕ್ಟರರನ್ನು ಕಂಡು ಮಾತ್ರೆ ತೆಗೆದುಕೊಳ್ಳಬೇಕೆಂದು ಪಾಲಿಕೆ ಪ್ರತಿ ಮಳೆಗಾಲದಲ್ಲಿ ಹೇಳುತ್ತದೆ. ಕೆ.ಇ.ಎಂ. ಆಸ್ಪತ್ರೆ ಕಾಲ್ನಡಿಗೆಯಲ್ಲಿದೆ. ನೆಪ ಬೇಡ.

8. ಡೆಬ್ರಿಸ್: ಟೆಂಪೋ ನಂಬರ್ ಹಿಡಿಯಿರಿ

ಒಮ್ಮೆ ಒಂದು ಗೋಣಿ ಒಡೆದ ಟೈಲ್ಸ್ ಬಿದ್ದರೆ ಸಾಕು, ತಿಂಗಳೊಳಗೆ ಗುಡ್ಡೆಯಾಗುತ್ತದೆ. ಡೆಬ್ರಿಸ್ ತಂದು ಸುರಿಯುವುದು ರಾತ್ರಿ, ಸುರಿಸಿದವರು ಬಹುತೇಕ ಅದೇ ಗಲ್ಲಿಯವರು. ಕಿಚನ್ ಒಡೆದು ಹೊಸದು ಮಾಡಿಸುವವರು ಗುತ್ತಿಗೆದಾರನಿಗೆ "ಎಲ್ಲಿಗಾದರೂ ಒಯ್ಯಿ" ಎನ್ನುತ್ತಾರೆ; ಅವನಿಗೆ ಪತ್ರಾದ ಆಚೆಗಿಂತ ಹತ್ತಿರದ "ಎಲ್ಲಿಗಾದರೂ" ಇಲ್ಲ.

ಕೇಂದ್ರದ ನಿಯಮಗಳ ಪ್ರಕಾರ ಡೆಬ್ರಿಸ್ ಹುಟ್ಟಿಸಿದವನೇ ಅದಕ್ಕೆ ಹೊಣೆ. ಪಾಲಿಕೆಯ "ಡೆಬ್ರಿಸ್ ಆನ್ ಕಾಲ್" ಸೇವೆ ಇದೆ. ಕರೆದರೆ ಬಂದು ಒಯ್ಯುತ್ತಾರೆ. ಸೊಸೈಟಿ ಮಾಡಬೇಕಾದದ್ದು ಒಂದು ಸಣ್ಣ ನಿಯಮ: ಮನೆ ರಿಪೇರಿಗೆ ಅನುಮತಿ ಕೇಳುವವರಿಂದ ಠೇವಣಿ ತೆಗೆದುಕೊಳ್ಳಿ, ಡೆಬ್ರಿಸ್ ಒಯ್ದ ರಸೀದಿ ತೋರಿಸಿದ ಮೇಲೆ ವಾಪಸು ಕೊಡಿ. ಹೊರಗಿನ ಟೆಂಪೋ ಬಂದರೆ ಜಗಳಕ್ಕಿಳಿಯಬೇಡಿ. ನಂಬರ್ ಪ್ಲೇಟಿನ ಫೋಟೋ, ಸಮಯ, ಅಷ್ಟು ಸಾಕು. ಪಾಲಿಕೆ ಗಾಡಿ ಹಿಡಿದ ಮೇಲೆ ಡ್ರೈವರನೇ ಹೆಸರು ಹೇಳುತ್ತಾನೆ. ಡೆಬ್ರಿಸ್ ಗುಡ್ಡೆಯ ಮಣ್ಣು ಮೊದಲ ಜೋರು ಮಳೆಗೆ ಗಟಾರ ಸೇರುತ್ತದೆ ಎಂಬುದನ್ನು ಹಿಂದ್‌ಮಾತಾದ ಹತ್ತಿರದವರಿಗೆ ಮತ್ತೆ ಹೇಳಬೇಕಾಗಿಲ್ಲ.

9. ಪತ್ರಾ, ಹೋರ್ಡಿಂಗು, ಮರ

ಕಟ್ಟಡ ಕೆಲಸ ನಡೆಯುವ ಜಾಗದ ಪತ್ರಾಕ್ಕೂ ಅಳತೆ ಇದೆ. ಧೂಳಿನ ಹಾವಳಿ ಹೆಚ್ಚಾದಾಗ 2023ರ ಅಕ್ಟೋಬರಿನಲ್ಲಿ ಪಾಲಿಕೆ ನಿಯಮ ಹೊರಡಿಸಿತು: ಒಂದು ಎಕರೆಗಿಂತ ದೊಡ್ಡ ಜಾಗಕ್ಕೆ 35 ಅಡಿ ಎತ್ತರದ ತಗಡು, ಸಣ್ಣದಕ್ಕೆ 25 ಅಡಿ. ಕೆಲಸ ನಿಂತ ಮೇಲೆ ತುಕ್ಕು ಹಿಡಿದು ಫುಟ್‌ಪಾತಿನ ಕಡೆ ಬಾಗಿದ ಪತ್ರಾ ಗಾಳಿಮಳೆಗೆ ಕತ್ತಿಯಾಗುತ್ತದೆ. ಅದನ್ನು ಮೇ ತಿಂಗಳೊಳಗೆ ತೆಗೆಸಿ.

ಖಾಲಿ ಜಾಗದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಕಬ್ಬಿಣದ ಕಂಬಗಳು ಎದ್ದರೆ, ಅದು ಹೋರ್ಡಿಂಗಿಗೋ ಎಂದು ಅಂದೇ ಕೇಳಿ. 2024ರ ಮೇ 13ರ ಗಾಳಿಗೆ ಘಾಟ್ಕೋಪರ್‌ನಲ್ಲಿ ಬಿದ್ದ ಹೋರ್ಡಿಂಗು 120 ಅಡಿಗೆ 120 ಅಡಿ ಇತ್ತು. ಪಾಲಿಕೆಯ ಮಿತಿ 40ಕ್ಕೆ 40. ಹದಿನೇಳು ಜನ ಸತ್ತರು. ಜಾಗ ರೈಲ್ವೆ ಪೊಲೀಸರ ವಶದಲ್ಲಿತ್ತು, ಹಾಗಾಗಿ ಯಾರ ಪರವಾನಗಿ ಬೇಕಿತ್ತೆಂಬ ವಾದ ಶವಗಳನ್ನು ತೆಗೆಯುವ ಮುಂಚೆಯೇ ಶುರುವಾಯಿತು. ಒಂದನೇ ಸೂತ್ರದಲ್ಲಿ ಎರಡೂ ಕಡೆಗೆ ಪತ್ರ ಕೊಡಿ ಎಂದದ್ದು ಇದಕ್ಕೇ.

ಮರವನ್ನು ಮುಟ್ಟಬೇಡಿ. ನಿಮ್ಮ ಕಿಟಕಿಗೆ ಅಡ್ಡ ಬಂದ ಕೊಂಬೆಯೇ ಆಗಲಿ, 1975ರ ಮಹಾರಾಷ್ಟ್ರದ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಸೊಸೈಟಿಯ ಕಾರ್ಯದರ್ಶಿ ಉತ್ಸಾಹದಿಂದ ಕೊಡಲಿಯವನನ್ನು ಕರೆದರೆ ದೂರು ಕೊಟ್ಟವರೇ ಆರೋಪಿಗಳಾಗುತ್ತಾರೆ.

10. ಆರು ವಾರಕ್ಕೂ ಏನೂ ಆಗದಿದ್ದರೆ

ಮೊದಲು ಸಿಟ್ಟು ಬಿಡಿ. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮಹಾರಾಷ್ಟ್ರದ ನಿಯಮದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ವಿಷಯ ಒಂದೇ ಇರಬೇಕು. ನಮ್ಮವರಿಗೆ ಇದೇ ಕಷ್ಟ. "ಯಾಕೆ ಕ್ರಮ ಕೈಗೊಂಡಿಲ್ಲ" ಎಂದು ಕೇಳಬೇಡಿ, ಅದು ಮಾಹಿತಿ ಅಲ್ಲ ಎಂದು ತಳ್ಳಿಬಿಡುತ್ತಾರೆ. ಕೇಳಬೇಕಾದದ್ದು: ಇಂಥ ನಂಬರಿನ ದೂರಿನ ಮೇಲೆ ಕೊಟ್ಟ ನೋಟೀಸಿನ ಪ್ರತಿ, ಸ್ಥಳ ಪರಿಶೀಲನೆಯ ಟಿಪ್ಪಣಿ, ಕಡತ ಈಗ ಯಾವ ಅಧಿಕಾರಿಯ ಬಳಿ ಇದೆ. ಉತ್ತರಕ್ಕೆ 30 ದಿನ. ಬಹಳ ಸಲ ಉತ್ತರಕ್ಕಿಂತ ಮುಂಚೆ ಜೆಸಿಬಿ ಬರುತ್ತದೆ. ಖಾಲಿ ಕಡತ ತೋರಿಸಲು ಯಾರಿಗೂ ಮನಸ್ಸಿಲ್ಲ.

ಜಾಗ ಪಾಲಿಕೆಯದ್ದೇ ಆಗಿದ್ದರೆ "ಹಣವಿಲ್ಲ" ಎಂಬ ಉತ್ತರ ಬರಬಹುದು. ಈ ನೆಪಕ್ಕೆ ಸುಪ್ರೀಂ ಕೋರ್ಟ್ 1980ರಲ್ಲೇ ಬಾಗಿಲು ಹಾಕಿದೆ. ಮಧ್ಯಪ್ರದೇಶದ ರತ್ಲಾಮ್ ಊರಿನ ಒಂದು ವಾರ್ಡಿನ ಜನ ತಮ್ಮ ಬೀದಿಯ ಗಟಾರದ ಗಬ್ಬಿಗೆ ಬೇಸತ್ತು ಮ್ಯಾಜಿಸ್ಟ್ರೇಟರ ಹತ್ತಿರ ಹೋದರು. ಪುರಸಭೆ ಹಣವಿಲ್ಲವೆಂದು ದಿಲ್ಲಿಯವರೆಗೂ ವಾದಿಸಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬಡತನದ ನೆಪವನ್ನು ಒಪ್ಪಲಿಲ್ಲ. ಆ ಜನ ಬಳಸಿದ್ದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು. 2024ರ ಜುಲೈ 1ರಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 152 ಆಗಿದೆ. ಸಾರ್ವಜನಿಕ ದಾರಿಯ ಪಕ್ಕದ ಹೊಂಡ, ಬಾವಿಗಳಿಗೆ ಬೇಲಿ ಹಾಕಿಸುವ ಅಧಿಕಾರವನ್ನೂ ಅದು ಕಾರ್ಯಕಾರಿ ದಂಡಾಧಿಕಾರಿಗೆ ಕೊಡುತ್ತದೆ. ವಕೀಲರಿಗೆ ದೊಡ್ಡ ಶುಲ್ಕ ಕೊಟ್ಟು ಹೈಕೋರ್ಟಿಗೆ ಓಡುವ ಮೊದಲು ಈ ಸಣ್ಣ ಬಾಗಿಲು ತಟ್ಟಿ. ಹೊಸ ನ್ಯಾಯ ಸಂಹಿತೆಯ 292ರಡಿ ಸಾರ್ವಜನಿಕ ಉಪದ್ರವಕ್ಕೆ ದಂಡ 1,000 ರೂಪಾಯಿವರೆಗೆ ಏರಿದೆ. ಏರಿದ್ದೇ ಅಷ್ಟು! ಪೊಲೀಸ್ ಠಾಣೆಯ ಮೇಲೆ ಹೆಚ್ಚು ಭರವಸೆ ಇಡಬೇಡಿ.

ಬಿಲ್ಡರ್ ಓಡಿಹೋಗಿ ಯೋಜನೆಯೇ ನಿಂತಿದ್ದರೆ ಅದು ಕೊಳೆಯ ಪ್ರಶ್ನೆ ಮಾತ್ರ ಅಲ್ಲ, ಹಳೆಯ ಬಾಡಿಗೆದಾರರ ಮನೆಯ ಪ್ರಶ್ನೆ. ಅರ್ಧಕ್ಕೆ ನಿಂತ ಸೆಸ್ ಕಟ್ಟಡಗಳ ಯೋಜನೆಯನ್ನು ವಶಕ್ಕೆ ತೆಗೆದುಕೊಳ್ಳಲು ಮ್ಹಾಡಾಕ್ಕೆ ಕಾನೂನಿನ ತಿದ್ದುಪಡಿಯಿಂದ ಅಧಿಕಾರ ಬಂದಿದೆ. ಡೊಂಬಿವಿಲಿ, ವಿರಾರ್‌ಗಳಲ್ಲಿ ಬಾಡಿಗೆಗೆ ಕೂತಿರುವ ಆ ಹಳೆಯ ನೆರೆಹೊರೆಯವರನ್ನು ಹುಡುಕಿ ಜೊತೆ ಸೇರಿಸಿಕೊಳ್ಳಿ. ನಿಮಗೆ ಬೇಕಾದದ್ದು ಸೊಳ್ಳೆಯಿಲ್ಲದ ಗಲ್ಲಿ, ಅವರಿಗೆ ಬೇಕಾದದ್ದು ಮನೆ. ಕಡತದಲ್ಲಿ ಅವರ ದನಿ ನಿಮ್ಮದಕ್ಕಿಂತ ಗಟ್ಟಿ.

11. ಮನುಷ್ಯರನ್ನು ಕಸದ ಪಟ್ಟಿಗೆ ಸೇರಿಸಬೇಡಿ

1888ರ ಕಾಯ್ದೆ ಪಾಳು ಜಾಗದ ಬಗ್ಗೆ ಹೇಳುವಾಗ ಅಲ್ಲಿ ಸೇರುವ "ಕೆಲಸವಿಲ್ಲದ, ಅಂಕೆಯಿಲ್ಲದ" ಜನರನ್ನೂ ಉಪದ್ರವವೆಂದೇ ಎಣಿಸುತ್ತದೆ. ಆ ಕಾಲದ ಮನಸ್ಸು ಹಾಗಿತ್ತು. ಪರೇಲ್‌ನಲ್ಲಿ ಇವತ್ತು ಪತ್ರಾದ ಪಕ್ಕ ಚಾಪೆ ಹಾಸಿ ಮಲಗಿದವರಲ್ಲಿ ಬಹಳಷ್ಟು ಜನ ಟಾಟಾ ಆಸ್ಪತ್ರೆ, ಕೆ.ಇ.ಎಂ., ವಾಡಿಯಾಕ್ಕೆ ದೂರದಿಂದ ಬಂದ ರೋಗಿಗಳ ಕಡೆಯವರು. ಅವರಲ್ಲಿ ಬೀದರ್, ಕಲಬುರಗಿಯ ಕನ್ನಡವೂ ಕೇಳಿಸುತ್ತದೆ. ಅವರು ಬಯಲಿಗೆ ಹೋಗುವುದು ಕಕ್ಕಸಿಲ್ಲದ್ದಕ್ಕೆ. ದೂರಿನಲ್ಲಿ ಕೇಳಬೇಕಾದದ್ದು ಅವರನ್ನು ಎಬ್ಬಿಸಿ ಎಂದಲ್ಲ, ಸಾರ್ವಜನಿಕ ಶೌಚಾಲಯ ಕೊಡಿ ಎಂದು. ದಾದರಿನ ಗಾಡ್ಗೆ ಮಹಾರಾಜ್ ಧರ್ಮಶಾಲೆಯ ದಾರಿ ಹೇಳಿಕೊಟ್ಟರೆ ಅದೂ ಒಂದು ಕೆಲಸ.

ಜಾಗಕ್ಕೆ ಒಳ್ಳೆಯ ಕಾವಲೆಂದರೆ ಬಳಕೆಯೇ. ಗಣಪತಿ ಹಬ್ಬಕ್ಕೆ ತಿಂಗಳುಗಳ ಮುಂಚೆ ಪರೇಲ್-ಲಾಲ್‌ಬಾಗ್‌ನ ಬಯಲುಗಳಲ್ಲಿ ಮೂರ್ತಿಕಾರರ ಮಂಟಪ ಏಳುತ್ತದೆ. ಆ ತಿಂಗಳುಗಳಲ್ಲಿ ಅಲ್ಲಿ ಡೆಬ್ರಿಸ್ ಸುರಿಯಲು ಯಾರಿಗೂ ಧೈರ್ಯವಿಲ್ಲ. ಒಡೆಯ ಒಪ್ಪಿದರೆ ಮಕ್ಕಳ ಆಟಕ್ಕೋ ಮಂಟಪಕ್ಕೋ ತಾತ್ಕಾಲಿಕವಾಗಿ ಬಳಸುವ ಪತ್ರ ಮಾಡಿಕೊಳ್ಳಿ. ಅವಧಿ ಬರೆದಿರಲಿ, ಬಾಡಿಗೆ ಹಕ್ಕು ಹುಟ್ಟುವುದಿಲ್ಲವೆಂದು ಬರೆದಿರಲಿ. ಹೆದರಿದ ಒಡೆಯ ಮತ್ತೆಂದೂ ಬೀಗ ತೆಗೆಯುವುದಿಲ್ಲ.

12. ಊರಿನಲ್ಲಿ ನಿಮ್ಮದೇ ಸೈಟು ಇದ್ದರೆ

ಪರೇಲ್‌ನಲ್ಲಿ ದೂರುದಾರರಾದ ನಮ್ಮಲ್ಲಿ ಎಷ್ಟೋ ಜನ ಬೆಂಗಳೂರು, ಉಡುಪಿ, ಹುಬ್ಬಳ್ಳಿಗಳಲ್ಲಿ ಆರೋಪಿಗಳು. ನಿವೃತ್ತಿಗೆಂದು ಕೊಂಡ ಸೈಟಿನಲ್ಲಿ ಕಾಂಗ್ರೆಸ್ ಗಿಡ ಎದೆಯೆತ್ತರ ಬೆಳೆದಿರುತ್ತದೆ, ಪಕ್ಕದ ಮನೆಯವರು ಹಾವಿಗೆ ಹೆದರಿ ಮಕ್ಕಳನ್ನು ಹೊರಗೆ ಬಿಡುವುದಿಲ್ಲ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುನ್ನ ಬೇರುಸಹಿತ ಕೀಳಿಸಿ. ಹೂ ಬಿಟ್ಟ ಮೇಲೆ ಕೊಯ್ದರೆ ಬೀಜ ಬಿತ್ತಿದ ಹಾಗೆ. ಬೆಂಕಿ ಹಚ್ಚಿಸಬೇಡಿ. ಕಲ್ಲುಕಂಬ-ತಂತಿಯ ಬೇಲಿ ಹಾಕಿಸಿ, ನಿಮ್ಮ ಹೆಸರು, ಫೋನ್ ನಂಬರ್ ಇರುವ ಬೋರ್ಡು ನಿಲ್ಲಿಸಿ. ಬೋರ್ಡು ಕಸವನ್ನೂ ತಡೆಯುತ್ತದೆ, ನಕಲಿ ಕ್ರಯಪತ್ರದವರನ್ನೂ ಸ್ವಲ್ಪ ದೂರ ಇಡುತ್ತದೆ. ಮಳೆಗೆ ಮುಂಚೆ ಮತ್ತು ದಸರಾ ಹೊತ್ತಿಗೆ ಸ್ವಚ್ಛ ಮಾಡಲು ಅಲ್ಲಿಯವರೊಬ್ಬರಿಗೆ ವಹಿಸಿ, ಕೆಲಸ ಮುಗಿದ ಫೋಟೋ ತರಿಸಿಕೊಂಡು ಹಣ ಕಳಿಸಿ.

ಬೆಂಗಳೂರಿನವರು ಗಮನಿಸಿ: 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ನಿಮ್ಮ ಸೈಟು ಯಾವುದಕ್ಕೆ ಸೇರಿತೆಂದು ನೋಡಿಕೊಂಡು, ಖಾತೆಯಲ್ಲೂ ತೆರಿಗೆಯ ದಾಖಲೆಯಲ್ಲೂ ಈಗಿನ ವಿಳಾಸ ಹಾಕಿಸಿ. ಇಲ್ಲವಾದರೆ ನಿಮ್ಮ ಹೆಸರಿನ ನೋಟೀಸು, ಕೆಡವಿ ವರ್ಷಗಳಾದ ಲಾಲ್‌ಬಾಗಿನ ಚಾಳಿನ ವಿಳಾಸಕ್ಕೆ ಬಂದು ವಾಪಸು ಹೋಗುತ್ತಿರುತ್ತದೆ.